ಊರ್ಕೆ ಬಾ

ನನ್ನ ಗೆಳತಿ ತೀರಿಕೊಂಡು ಮೂರು ವಾರವಾಗಿರಬಹುದು, ನಾವಿಬ್ಬರೂ ಸೇರಿ ನಡೆಸುತ್ತಿದ್ದ ಪೇಜಿಗೆ ನಾನು ಹಾಕಿದ್ದ ವಿಡಿಯೊ ಒಂದಕ್ಕೆ ಅವಳ ಖಾತೆಯಿಂದ ಲೈಕ್ ಬಂತು. ಅವಳ ಹೆಸರು, ಅವಳ ಫೋಟೊ, ಪಕ್ಕದಲ್ಲೊಂದು ಕೆಂಪು ಹೃದಯ. ಕೋಲಾರದಿಂದ ಮುಳಬಾಗಿಲಿಗೆ ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ಫೋನನ್ನು ತೊಡೆಯ ಮೇಲೆ ಬೋರಲು ಹಾಕಿ ಹೊರಗೆ ನೋಡತೊಡಗಿದೆ. ಮತ್ತೆ ತಿರುಗಿಸಿ ನೋಡುವ ಧೈರ್ಯ ಬಂದಾಗ ಬಸ್ಸು ದೇವರಾಯಸಮುದ್ರದಲ್ಲಿ ನಿಂತಿತ್ತು. ಅದು ಅವಳು ಇಳಿಯುತ್ತಿದ್ದ ಸ್ಟಾಪು. ಹೃದಯ ಅಲ್ಲೇ ಇತ್ತು.

ನಾವಿಬ್ಬರೂ ಕೋಲಾರದ ಒಂದು ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದೆವು. ನಾನು ಮುಳಬಾಗಿಲಿನಲ್ಲಿ ಬಸ್ಸು ಹತ್ತಿ ಅವಳಿಗೊಂದು ಸೀಟು ಹಿಡಿಯುತ್ತಿದ್ದೆ. ಆ ಸೀಟಿಗಾಗಿ ಎಷ್ಟು ಜನರ ಹತ್ತಿರ ಜಗಳವಾಡಿದ್ದೇನೋ ಲೆಕ್ಕವಿಲ್ಲ. ನನಗೆ ಮೂಗಿನ ತುದಿಯಲ್ಲೇ ಕೋಪ. ಅವಳು ಹತ್ತಿ ಬಂದು, ನನ್ನಿಂದ ಬೈಸಿಕೊಂಡವರನ್ನೇ ಮಾತಾಡಿಸಿ, ಕೋಲಾರ ಬರುವಷ್ಟರಲ್ಲಿ ಅವರ ಮನೆಯ ಹಸು ಕರು ಹಾಕಿದ ಸುದ್ದಿಯವರೆಗೂ ತಿಳಿದುಕೊಂಡಿರುತ್ತಿದ್ದಳು. ನನಗೆ ಅದನ್ನು ನೋಡಿ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಪೇಜು ಶುರುವಾದದ್ದು ಕ್ಲಾಸಿನ ಕೆಲಸವಾಗಿ. ಮಾರ್ಕೆಟಿಂಗ್ ಹೇಳಿಕೊಡುತ್ತಿದ್ದ ಮೇಡಂ ಇಬ್ಬಿಬ್ಬರ ಜೋಡಿ ಮಾಡಿ, ಸೆಮಿಸ್ಟರ್ ಮುಗಿಯುವುದರೊಳಗೆ ಒಂದು ಪೇಜು ಮಾಡಿ ಬೆಳೆಸಿ ತೋರಿಸಬೇಕು ಎಂದಿದ್ದರು.

"ಎಷ್ಟ್ ಜನ ನೋಡಿದ್ರು ಅನ್ನೋದು ನಂಗೆ ಬೇಡ. ಎಷ್ಟ್ ಜನ ವಾಪಸ್ ಮಾತಾಡಿದ್ರು, ಅದನ್ನ ತೋರ್ಸಿ. ಮಾರ್ಕ್ಸ್ ಅದಕ್ಕೆ."

ಶ್ರೀನಿವಾಸಪುರದ ಕಡೆಯವರಿಗೆ ಮಾವಿನ ತೋಟಗಳಿದ್ದವು. ಮಾಸ್ತಿಯಿಂದ ಮಾಲೂರಿಗೆ, ಮಾಲೂರಿನಿಂದ ಕೋಲಾರಕ್ಕೆ ಎರಡು ಬಸ್ಸು ಬದಲಿಸಿ ಬರುತ್ತಿದ್ದ ಹುಡುಗಿಗೆ ಅವಳ ಅಮ್ಮನ ಕೈಯ ಮುದ್ದೆ ಉಪ್ಸಾರು ಇತ್ತು. ನಮ್ಮ ಹತ್ತಿರ ತೋರಿಸಲು ಏನೂ ಇರಲಿಲ್ಲ. ನಾನು ಬೆಟ್ಟ ತೋರಿಸಿದೆ, ಕೆರೆ ತೋರಿಸಿದೆ, ಟಿವಿ ನಿರೂಪಕಿಯ ಗತ್ತಿನಲ್ಲಿ ಕೋಲಾರದ ಟೊಮೇಟೊ ಮಂಡಿಯ ಬಗ್ಗೆ ಭಾಷಣ ಮಾಡಿದೆ. ಮೊದಲ ಮೂರು ಸೆಕೆಂಡಿನಲ್ಲಿ ಜನರನ್ನು ಹಿಡಿಯಬೇಕು ಎಂದು ಎಲ್ಲೋ ಕೇಳಿ, ಕ್ರೇಟುಗಳ ಮುಂದೆ ನಿಂತು ಚಪ್ಪಾಳೆ ಕೂಡ ತಟ್ಟಿದೆ. ನೋಡಿದವರು ನಮ್ಮ ನೆಂಟರು. ಅವರೂ ಪೂರ್ತಿ ನೋಡಲಿಲ್ಲ.

ಒಂದು ದಿನ ಮುಳಬಾಗಿಲಿನ ಬಸ್ ಸ್ಟ್ಯಾಂಡಿನಲ್ಲಿ ನಾನು ಕ್ಯಾಮೆರಾ ಸರಿಮಾಡುತ್ತಿದ್ದಾಗ ಅವಳ ಚಿಕ್ಕಮ್ಮನ ಮಗಳು ಫೋನು ಮಾಡಿದಳು. ಇವಳು ಕಾಲು ಅಲ್ಲಾಡಿಸಿಕೊಂಡು, ಕಡಲೆಪುರಿ ತಿನ್ನುತ್ತಾ, ಕ್ಯಾಮೆರಾ ಕಡೆಗೇ ನೋಡುತ್ತಾ ಮಾತಾಡುತ್ತಿದ್ದಳು. "ಏನೂ ಇಲ್ಲ ಕಣೇ... ಹಬ್ಬನೂ ಇಲ್ಲ, ಏನಿಲ್ಲ... ಕೆಲ್ಸ ಇದ್ರೇನೇ ಬರ್ಬೇಕಾ? ಊರ್ಕೆ ಬಾ." ಮುಖದಲ್ಲಿ ಎಂಥ ನಗು ಇತ್ತೆಂದರೆ, ನನ್ನ ಮಂಡಿ ಭಾಷಣ ಬಿಟ್ಟು ಅದನ್ನೇ ಹಾಕಿದೆ.

ಊರ್ಕೆ ಅನ್ನುವುದು ನಮ್ಮ ಕಡೆಯ ಮಾತು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಆಡುವ ನಮಗೆ ಯಾವ ಪದ ಯಾವ ಕಡೆಯಿಂದ ಬಂತು ಅನ್ನುವ ಗೊಡವೆ ಇಲ್ಲ. ಬೇರೆ ಕಡೆಯವರು ಸುಮ್ಮನೆ ಅನ್ನುವ ಕಡೆ ನಾವು ಊರ್ಕೆ ಅನ್ನುತ್ತೇವೆ. ಊರ್ಕೆ ಕೂತಿದ್ದೆ, ಊರ್ಕೆ ಕೇಳ್ದೆ, ಊರ್ಕೆ ಬಂದೆ. ಆದರೆ ಮಾತನ್ನು ತಾನೇ ಅಕ್ಷರ ಮಾಡಿಕೊಡುವ ಆ್ಯಪಿಗೆ ಈ ಸಂಗತಿ ಗೊತ್ತಿರಲಿಲ್ಲ. ಅದು ಅವಳ ನಗುಮುಖದ ಕೆಳಗೆ ದಪ್ಪ ಹಳದಿ ಅಕ್ಷರದಲ್ಲಿ "ಊರಿಗೆ ಬಾ" ಎಂದು ಬರೆಯಿತು. ನಾನು ನೋಡದೆ ಹಾಕಿಬಿಟ್ಟೆ.

ಮಾರನೆಯ ದಿನ ಬಸ್ಸಿನಲ್ಲಿ ಇಬ್ಬರೂ ಒಂದೇ ಫೋನಿಗೆ ತಲೆ ಬಗ್ಗಿಸಿ ಕೂತೆವು. ಎಲ್ಲೆಲ್ಲಿಯವರೋ ಬರೆದಿದ್ದರು. ಊರು ಬಿಟ್ಟು ಎಷ್ಟೋ ವರ್ಷ ಆಯ್ತು ಅಕ್ಕ ಎಂದು ಒಬ್ಬರು. ಹೀಗೆ ಕರೆಯೋರೇ ಇಲ್ಲ ಎಂದು ಇನ್ನೊಬ್ಬರು. ಹಬ್ಬ ಇಲ್ಲದಿದ್ದರೂ ಊರಿಗೆ ಬಾ ಎಂದಿರಲ್ಲ, ಕಣ್ಣಲ್ಲಿ ನೀರು ಬಂತು ಎಂದು ಮತ್ತೊಬ್ಬರು. ನನಗೆ ತಲೆ ಬಿಸಿಯಾಯಿತು. ತಪ್ಪಾಗಿದೆ, ಸರಿಪಡಿಸೋಣ ಎಂದೆ.

"ಬಿಡೇ. ಊರ್ಕೆ ಬಂದ್ರೂ ಊರ್ಗೇ ತಾನೇ ಬರೋದು," ಅಂದಳು.

ಅಲ್ಲಿಂದ ಪ್ರತಿ ವಿಡಿಯೊದ ಕೊನೆಗೂ ಅವಳು ಅದನ್ನೇ ಹೇಳತೊಡಗಿದಳು. ವಿಡಿಯೊದಲ್ಲಿ ದೊಡ್ಡದೇನೂ ಇರುತ್ತಿರಲಿಲ್ಲ. ಅಂಗಡಿ ಮುಂದೆ ಸೊಪ್ಪು ಆರಿಸುವುದು, ತಪ್ಪಿಹೋದ ಬಸ್ಸನ್ನು ಬೈಯುವುದು, ಅವಳ ಅಪ್ಪ ಹೊಸ ಚಪ್ಪಲಿ ಹಾಕಿಕೊಂಡು ಕಾಲು ಎಳೆಯುತ್ತಾ ನಡೆಯುವುದನ್ನು ಅಣಕಿಸುವುದು. ಕೊನೆಗೆ ಕ್ಯಾಮೆರಾಗೆ ಮುಖ ತಂದು, ಊರ್ಕೆ ಬಾ. ನಾನು ಬೇಕೆಂದೇ ಊರಿಗೆ ಎಂದು ಬರೆಯುತ್ತಿದ್ದೆ. ನೋಡುವವರು ಓದುತ್ತಿದ್ದರೇ ಹೊರತು ಕಿವಿಗೊಡುತ್ತಿರಲಿಲ್ಲ.

ಜನರಿಗೆ ಉತ್ತರ ಬರೆಯುವುದನ್ನು ಕಲಿತದ್ದೂ ಅವಳಿಂದಲೇ. ನಾನು ಎಲ್ಲರಿಗೂ ಧನ್ಯವಾದಗಳು ಎಂದು ಬರೆದು ಪಕ್ಕದಲ್ಲೊಂದು ಹೂವು ಇಡುತ್ತಿದ್ದೆ. ಅದನ್ನು ಅವಳು ಒಂದು ದಿನ ನೋಡಿದಳು.

"ಲೇ, ಬ್ಯಾಂಕ್‌ನಿಂದ ಮೆಸೇಜ್ ಬಂದಂಗೈತೆ ನಿಂದು. ಮನೆ ಬಾಗ್ಲಿಗೆ ಬಂದೋರ್ಗೆ ಧನ್ಯವಾದ ಅಂದು ಬಾಗ್ಲು ಹಾಕ್ಕೊಂತೀಯಾ?"

"ಮತ್ತೇನ್ ಅನ್ಲಿ?"

"ಯಾವೂರು ಅನ್ನು. ಊಟ ಆಯ್ತಾ ಅನ್ನು. ನಿಮ್ ಕಡೆ ಮಳೆ ಹೆಂಗೈತೆ ಅನ್ನು. ಬಾಯಿಲ್ವಾ ನಿಂಗೆ?"

ಅವಳು ಹೇಳಿದ ಹಾಗೆ ಬರೆದೆ. ಜನ ಮಾರನೆಯ ದಿನ ಊಟಕ್ಕೆ ಏನು ಮಾಡಿದ್ದರೆಂದು ಹೇಳಲು ತಾವಾಗಿಯೇ ಬಂದರು. ಮೇಡಂ ನಮ್ಮ ಪೇಜನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿ, ಇದನ್ನು ನೋಡಿ ಕಲೀರಿ ಎಂದರು. ಜೊತೆಗೆ ಇನ್ನೊಂದು ಬುದ್ಧಿ ಹೇಳಿಕೊಟ್ಟರು: ಯಾವಾಗಲೂ ಕೈಯಲ್ಲಿ ಸ್ಟಾಕ್ ಇರಬೇಕು, ದಿನವೂ ಒಂದೇ ಹೊತ್ತಿಗೆ ಹೋಗಬೇಕು. ಹಾಗಾಗಿ ರಜೆಯ ದಿನ ಅವಳ ಊರಿಗೆ ಹೋಗಿ, ದುಪಟ್ಟಾ ಬದಲಿಸಿ ಬದಲಿಸಿ, ಒಂದೇ ದಿನದಲ್ಲಿ ಎಷ್ಟೋ ದಿನದ ವಿಡಿಯೊ ಮಾಡಿಟ್ಟುಕೊಳ್ಳುತ್ತಿದ್ದೆವು. ಸಂಜೆ ಜನ ಕೆಲಸ ಮುಗಿಸಿ ಬಸ್ಸು ಹತ್ತುವ ಹೊತ್ತಿಗೆ ತಾನಾಗಿಯೇ ಹೋಗುವ ಹಾಗೆ ಫೋನಿಗೆ ಹೇಳಿ ಬಿಡುತ್ತಿದ್ದೆ.

ಕೊನೆಯ ಸೆಮಿಸ್ಟರಿನಲ್ಲಿ ಅವಳಿಗೆ ಜ್ವರ ಬಂತು. ಡೆಂಗಿ ಎಂದರು. ಕೋಲಾರದ ಆಸ್ಪತ್ರೆಯಲ್ಲಿ ನೋಡಲು ಹೋದಾಗ, ಕೈಗೆ ಸೂಜಿ ಚುಚ್ಚಿಕೊಂಡು ಮಲಗಿದ್ದವಳು, "ಇವತ್ತು ಯಾವ್ದು ಹೋಗುತ್ತೆ?" ಎಂದು ಕೇಳಿದಳು. ಅಪ್ಪನ ಚಪ್ಪಲಿದು ಎಂದೆ. ನಕ್ಕಳು. ಎರಡು ದಿನ ಕಳೆದು ಬೆಳಗ್ಗೆ ನಾನು ಬಸ್ಸಿಗೆ ಹೊರಡುತ್ತಿದ್ದಾಗ ಸುದ್ದಿ ಬಂತು. ಆವತ್ತು ನನಗೆ ಅಳು ಬರಲಿಲ್ಲ. ಸಿಟ್ಟು ಬಂತು. ಆಸ್ಪತ್ರೆಯ ಮೇಲೆ, ಸೊಳ್ಳೆಯ ಮೇಲೆ, ಯಾರಿಗೂ ಹೇಳದೆ ಹೊರಟುಹೋದ ಅವಳ ಮೇಲೆ. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಸಂಜೆ ಅವರ ಹೊಲದಲ್ಲೇ ಮಣ್ಣು ಮಾಡಿದರು. ಹಿಪ್ಪುನೇರಳೆ ಗಿಡಗಳ ಪಕ್ಕದಲ್ಲಿ ಹೆಂಗಸರೆಲ್ಲ ನಿಂತಿದ್ದೆವು. ಕೊನೆಯ ಹಿಡಿ ಮಣ್ಣು ಬೀಳುತ್ತಿದ್ದಾಗ ಸುತ್ತ ನಿಂತಿದ್ದ ಕೆಲವರ ಜೇಬಿನಲ್ಲಿ ಫೋನು ಒಟ್ಟಿಗೆ ಗುಂಯ್‌ಗುಟ್ಟಿತು. ನನ್ನದೂ. ಅದೇನೆಂದು ನನಗೆ ಹೊಳೆಯುವಷ್ಟರಲ್ಲಿ ಯಾರೋ ಗಾಬರಿಯಿಂದ ಫೋನು ಹೊರಗೆ ತೆಗೆದರು, ಬೆರಳು ಎಲ್ಲೋ ತಗುಲಿತು. ಅವಳ ಧ್ವನಿ ಹೊಲದಲ್ಲೆಲ್ಲಾ ಕೇಳಿತು. ಬಸ್ಸನ್ನು ಬೈದಳು, ನಕ್ಕಳು, ಊರ್ಕೆ ಬಾ ಎಂದಳು.

ಯಾರೂ ಅಲ್ಲಾಡಲಿಲ್ಲ. ಅವಳ ಅಮ್ಮ ಮಾತ್ರ ತಲೆ ಎತ್ತಿದರು. ಧ್ವನಿ ಬಂದ ಕಡೆಗೆ ನೋಡಿದರು, ಮಣ್ಣಿನ ಕಡೆಗೆ ನೋಡಿದರು, ಮತ್ತೆ ಧ್ವನಿ ಬಂದ ಕಡೆಗೆ ನೋಡಿದರು. ಮಗಳು ಎಲ್ಲಿದ್ದಾಳೆಂದು ಅವರಿಗೆ ಗೊತ್ತಾಗದೆ ಹೋದದ್ದು ಆ ಗಳಿಗೆಯಲ್ಲೇ ಎಂದು ನನಗೆ ಅನ್ನಿಸುತ್ತದೆ.

ಮುಂದಿನ ವಿಡಿಯೊಗಳು ತಾವಾಗಿಯೇ ಹೋಗದಂತೆ ನಿಲ್ಲಿಸಿದೆ. ಆದರೂ ಅವಳು ಹೋಗಲಿಲ್ಲ. ಅವಳ ಊರ್ಕೆ ಬಾ ಧ್ವನಿಯನ್ನು ಕತ್ತರಿಸಿ ಯಾರ್ಯಾರೋ ತಮ್ಮ ವಿಡಿಯೊಗೆ ಹಚ್ಚಿಕೊಂಡಿದ್ದರು. ನಾಯಿ ಓಡಿ ಬರುವುದಕ್ಕೆ, ಗಂಡ ತವರಿಗೆ ಹೆಂಡತಿಯನ್ನು ಕರೆಯಲು ಬರುವುದಕ್ಕೆ, ಎಲ್ಲಕ್ಕೂ ಅವಳೇ. ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಇದ್ದಕ್ಕಿದ್ದಂತೆ ಅವಳು ಕರೆಯುತ್ತಿದ್ದಳು. ತಿರುಗಿ ನೋಡಿದರೆ ಯಾರೋ ಕಿವಿಯ ಹತ್ತಿರ ಫೋನು ಹಿಡಿದು ನಗುತ್ತಿರುತ್ತಿದ್ದರು. ನನ್ನ ಫೋನು ಒಂದು ಬೆಳಗ್ಗೆ ತಾನಾಗಿಯೇ ಅವಳ ಫೋಟೊಗಳನ್ನೆಲ್ಲ ಆರಿಸಿ, ಸಂಗೀತ ಹಾಕಿ, ಈ ವರ್ಷದ ನಿಮ್ಮ ಸಂತೋಷದ ಕ್ಷಣಗಳು ಎಂದು ಮುಂದಿಟ್ಟಿತು. ಅದನ್ನು ಗೋಡೆಗೆ ಎಸೆಯಬೇಕು ಅನ್ನಿಸಿತು.

ಪೇಜಿಗೆ ಬರುವವರು ಮಾತ್ರ ಕೇಳುತ್ತಲೇ ಇದ್ದರು. ಅಕ್ಕ ಎಲ್ಲಿ? ಯಾಕೆ ಬರ್ತಿಲ್ಲ? ಪರೀಕ್ಷೆನಾ? ಹೇಳಿಬಿಡೋಣ ಎಂದು ಎಷ್ಟು ಸಲ ಕೂತೆನೋ. ಒಂದು ಸಾಲು ಬರೆಯಲು ಕೈ ಬರಲಿಲ್ಲ. ಬದಲಿಗೆ ಸ್ಟಾಕಿನಿಂದ ಒಂದು ವಿಡಿಯೊ ಹಾಕಿದೆ. ಆ ವಿಡಿಯೊಗೇ ಅವಳ ಲೈಕ್ ಬಂದದ್ದು.

ಮರುದಿನ ದೇವರಾಯಸಮುದ್ರದಲ್ಲಿ ಇಳಿದು ಅವಳ ಹಳ್ಳಿಗೆ ಹೋದೆ. ಅವಳ ಅಮ್ಮ ಹುಳದ ಮನೆಯಲ್ಲಿದ್ದರು. ತಟ್ಟೆಗಳ ತುಂಬ ರೇಷ್ಮೆ ಹುಳ, ಸೊಪ್ಪು ಮೇಯುವ ಸದ್ದು ತುಂತುರು ಮಳೆಯಂತೆ ಒಂದೇ ಸಮ. ಮಧ್ಯದ ಕಂಬಕ್ಕೆ ಒರಗಿಸಿ ಅವಳ ಫೋನು ಇಟ್ಟಿದ್ದರು. ಅದರಲ್ಲಿ ಅವಳು ಮಾತಾಡುತ್ತಿದ್ದಳು, ಇವರು ಸೊಪ್ಪು ಹರಡುತ್ತಾ ಹೂಂಗುಡುತ್ತಿದ್ದರು.

"ಬಾ ತಲ್ಲಿ," ಎಂದರು. ಮಗಳನ್ನೂ ನನ್ನನ್ನೂ ಅವರು ತೆಲುಗಿನಲ್ಲಿ ಹಾಗೇ, ತಾಯಿ ಎಂದು, ಕರೆಯುತ್ತಿದ್ದದ್ದು. "ನೆನ್ನೆ ಹೊಸ್ದು ಬಂತಲ್ಲ, ಎರಡ್ಸಾರಿ ಒತ್ತಿದೆ. ಕೆಂಪಗೆ ಎದ್ದು ಬಂತು. ಅದು ಅವಳಿಗೆ ಗೊತ್ತಾಗುತ್ತಾ?"

ನನಗೆ ಗೊತ್ತಾಯ್ತಮ್ಮ ಎಂದೆ. ಅವರು ಕೇಳಿದ್ದು ಅದಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

"ಇನ್ನೂ ಅವೆಯಾ?"

"ಒಂದಿಷ್ಟು ಅವೆ."

"ಎಲ್ಲಾ ಒಂದೇ ಸಾರಿ ಹಾಕ್ಬೇಡ. ನಿಧಾನವಾಗಿ ಹಾಕು. ಸಾಯಂಕಾಲ ಹಾಕು, ಅವಳು ಕಾಲೇಜಿಂದ ಬರೋ ಹೊತ್ಗೆ."

ಆ ಮಾತು ಕೇಳಿ ಬಾಗಿಲ ಕಡೆ ತಿರುಗಿದೆ. ಅವಳ ಅಪ್ಪ ಹೊರಗೆ ಸೈಕಲ್ಲು ಒರೆಸುತ್ತಾ ಕೂತಿದ್ದರು, ಈ ಕಡೆ ನೋಡಲಿಲ್ಲ. ಸಾಯಂಕಾಲವಾದರೆ ಹೆಂಡತಿ ಅಡುಗೆಯನ್ನೂ ಬಿಟ್ಟು ಫೋನು ಹಿಡಿದು ಕೂರುತ್ತಾಳೆ, ನೆನ್ನೆ ಹೊಸದು ಬಂದ ಮೇಲೆಯೇ ಸರಿಯಾಗಿ ಊಟ ಮಾಡಿದ್ದು ಎಂದು ಆಮೇಲೆ ಅವರೇ ಬಸ್ ಸ್ಟಾಪಿನವರೆಗೂ ಬಂದು ಹೇಳಿದರು. ಹೊಸದು ಮುಗಿದರೆ ಏನು ಅನ್ನುವುದನ್ನು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆದರೆ ಆವತ್ತಿನಿಂದ ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ. ಪೇಜು ಈಗ ಆ ಒಬ್ಬ ಹೆಂಗಸಿಗಾಗಿ ನಡೆಯುತ್ತಿತ್ತು, ಸ್ಟಾಕು ಕರಗುತ್ತಿತ್ತು.

ವಿಡಿಯೊ ಹಾಕಿದ ಮೇಲೆ ಜನರಿಗೆ ಉತ್ತರ ಬರೆಯಲೇಬೇಕಾಗಿತ್ತು. ಬರೆಯುತ್ತಾ ಬರೆಯುತ್ತಾ ನನ್ನ ಬೆರಳಿಗೆ ಅವಳ ಮಾತು ಹತ್ತಿಕೊಂಡಿತು. ಯಾವೂರು, ಊಟ ಆಯ್ತಾ, ನಿಮ್ ಹಸು ಕರು ಹಾಕ್ತಾ? ಜೀವಮಾನದಲ್ಲಿ ಯಾರ ಹಸುವಿನ ಯೋಗಕ್ಷೇಮವನ್ನೂ ಕೇಳದ ನಾನು ಕೇಳುತ್ತಿದ್ದೆ. ಬರೆದದ್ದನ್ನು ಓದಿದರೆ ಅವಳೇ ಬರೆದ ಹಾಗಿರುತ್ತಿತ್ತು. ಕೆಲವು ಸಲ ಉತ್ತರ ಹೊರಟುಹೋದ ಮೇಲೆಯೇ, ಇದನ್ನು ನಾನು ಬರೆದೆನಾ ಎಂದು ನೋಡುವಂತಾಗುತ್ತಿತ್ತು. ಇದನ್ನು ಮೋಸ ಅನ್ನುವವರು ಅನ್ನಲಿ. ನನಗೆ ಆಗಲೂ ಹಾಗೆ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಭಯವಾಗುತ್ತಿತ್ತು, ಅದು ಬೇರೆ ಮಾತು.

ದಾವಣಗೆರೆ ಕಡೆಯ ಒಬ್ಬ ಹೆಂಗಸು ಮೊದಲಿನಿಂದಲೂ ದಿನವೂ ಬರೆಯುತ್ತಿದ್ದರು. ಒಂದು ಸಂಜೆ, ಒಂದು ದಿನ ನಿಜವಾಗಿಯೂ ಬಂದುಬಿಡ್ತೀನಿ ನೋಡು ಎಂದು ಬರೆದರು. ಬನ್ನಿ ಅಕ್ಕ, ಯಾರ್ ಬೇಡ ಅಂತಾರೆ ಎಂದು ನನ್ನ ಬೆರಳು ಉತ್ತರ ಕೊಟ್ಟಿತು. ಅವಳಾಗಿದ್ದರೆ ಅನ್ನುತ್ತಿದ್ದದ್ದೂ ಅದನ್ನೇ.

ಅದಾಗಿ ಕೆಲವು ದಿನಕ್ಕೆ, ನಾನು ಕ್ಲಾಸು ಬಿಟ್ಟು ಕೋಲಾರದ ಬಸ್ ಸ್ಟ್ಯಾಂಡಿಗೆ ಬರುತ್ತಿದ್ದಾಗ ಫೋನು ಬಂತು. ದೇವರಾಯಸಮುದ್ರದ ಸ್ಟಾಪಿನಲ್ಲಿ ಆಟೊ ಓಡಿಸುವ ಭಾಯಿ. ನಮ್ಮ ಎಷ್ಟೋ ವಿಡಿಯೊಗಳ ಹಿಂದೆ ಅವರ ಆಟೊ, ಸ್ಟಾಪಿನ ಹೆಸರಿನ ಬೋರ್ಡು ಕಾಣುತ್ತಿದ್ದವು.

"ಬೇಟಾ, ಒಬ್ರು ಲೇಡೀಸ್ ಬಂದಿದ್ರು. ಫೋನಲ್ಲಿ ನಮ್ ಹುಡುಗೀನ ತೋರ್ಸಿ ಇವ್ರ ಮನೆ ಎಲ್ಲಿ ಅಂದ್ರು. ನಂಗೆ ಹೇಳೋಕೆ ಬಾಯೇ ಬರ್ಲಿಲ್ಲ. ಮನೆ ಹತ್ರ ಬಿಟ್ ಬಂದೆ. ನೀನ್ ಸ್ವಲ್ಪ ಬೇಗ ಬಾ."

ಆವತ್ತಿನಷ್ಟು ನಿಧಾನವಾಗಿ ಬಸ್ಸು ಯಾವತ್ತೂ ಹೋಗಿರಲಿಲ್ಲ. ಸೀಟಿನಲ್ಲಿ ಕೂರಲಾಗದೆ ಬಾಗಿಲ ಹತ್ತಿರ ನಿಂತೇ ಬಂದೆ. ಭಾಯಿ ಕಾಯುತ್ತಿದ್ದರು, ಆಟೊದಲ್ಲಿ ಕರೆದುಕೊಂಡು ಹೋದರು.

ದಾವಣಗೆರೆ ಕಡೆಯ ಆಕೆ ಜಗಲಿಯ ಮೇಲೆ ಕೂತಿದ್ದರು, ಕೈಯಲ್ಲಿ ಕಾಫಿ ಲೋಟ. ನಡುವಯಸ್ಸು ದಾಟಿದ, ಇಸ್ತ್ರಿ ಸೀರೆ ಉಟ್ಟ, ನಾಚಿಕೆಯ ನಗುವಿನ ಹೆಂಗಸು. ಪಕ್ಕದಲ್ಲಿ ಒಂದು ದೊಡ್ಡ ಚೀಲ. ಎದುರಿಗೆ ಅವಳ ಅಮ್ಮ. ನಡುಮನೆಯಲ್ಲಿ ಹಾರ ಹಾಕಿದ ಅವಳ ಫೋಟೊ ಇತ್ತು, ಆ ಬಾಗಿಲನ್ನು ಎಳೆದು ಮುಚ್ಚಿದ್ದರು.

"ಬಂದ್ಯಾ ತಲ್ಲಿ," ಎಂದರು ಅವಳ ಅಮ್ಮ ನನಗೆ. ಆಮೇಲೆ ಆಕೆಗೆ, "ಅವಳ ಜೊತೆ ಓದೋ ಹುಡ್ಗಿ. ಅವಳೂ ಇನ್ನೇನು ಬರ್ತಾಳೆ. ಕಾಲೇಜಿಗೆ ಹೋಗವ್ಳೆ."

ಅವಳ ಅಮ್ಮನ ಮುಖದಲ್ಲಿ ಯಾವ ನಟನೆಯೂ ಇರಲಿಲ್ಲ. ಮಗಳು ಬರುವುದು ಕೊಂಚ ತಡವಾದಾಗ ಯಾವ ತಾಯಿಗೂ ಇರುವ ಕಳವಳ ಮಾತ್ರ ಇತ್ತು. ನಾನು ಬಾಯಿ ಬಿಟ್ಟರೆ ಇವರ ಕಥೆ ಏನಾಗುತ್ತದೋ, ಬಿಡದಿದ್ದರೆ ಈಕೆ ಕತ್ತಲಾಗುವವರೆಗೂ ಕಾಯುತ್ತಾರೆ. ಜಗಲಿಯ ಅಂಚಿನಲ್ಲಿ ಕೂತೆ.

ಆಕೆ ಚೀಲ ಬಿಚ್ಚಿದರು. "ನಮ್ ಕಡೆ ಮಂಡಕ್ಕಿ ತಂದೀನ್ರಿ. ನಿಮ್ ಮಗಳಿಗೆ ಇಷ್ಟ ಅಲ್ರೀ, ವಿಡಿಯೊದಾಗ ಯಾವಾಗ್ಲೂ ತಿಂತಿರ್ತಾಳ."

"ಹೂನಮ್ಮ, ಬೊರುಗ್ಲು ಅಂದ್ರೆ ಪ್ರಾಣ," ಎಂದು ಕಡಲೆಪುರಿಗೆ ನಮ್ಮ ಕಡೆಯ ಹೆಸರು ಹೇಳುತ್ತಾ ಅವಳ ಅಮ್ಮ ಒಂದು ಹಿಡಿ ತೆಗೆದು ಮೂಸಿ ನೋಡಿದರು. "ಇಷ್ಟ್ ದೂರದಿಂದ ಏನ್ ಕೆಲ್ಸದ್ ಮೇಲೆ ಬಂದ್ರಿ?"

"ಕೆಲಸ ಏನಿಲ್ರಿ. ನಿಮ್ ಮಗಳೇ ಕರದಾಳಲ್ಲ. ತಾಯಿ ತಂದೆ ಹೋದ್ ಮ್ಯಾಲೆ ನನಗ ತವರಿನ ಬಾಗಿಲು ಮುಚ್ಚೇತ್ರಿ. ಊರಿಗೆ ಬಾ ಅಂತ ಕರೆಯೋರು ಯಾರೂ ಇರಲಿಲ್ಲ. ಇವಳು ದಿನಾ ಕರೀತಾಳ. ಒಮ್ಮೆ ಹೋಗಿ ನೋಡೇಬಿಡೋಣು ಅನಿಸ್ತು."

ಅವಳ ಅಮ್ಮ ಅರ್ಥವಾಗದೆ ನನ್ನ ಮುಖ ನೋಡಿದರು. ಅವರಿಗೆ ಓದು ಬರುವುದಿಲ್ಲ. ಆ ಹಳದಿ ಅಕ್ಷರ ಏನು ಹೇಳುತ್ತಿತ್ತು ಅನ್ನುವುದು ಅವರಿಗೆ ಅದುವರೆಗೂ ಗೊತ್ತಿರಲಿಲ್ಲ. ಅವರು ಕೇಳಿದ್ದು ಧ್ವನಿಯನ್ನು ಮಾತ್ರ.

"ಊರ್ಗೆ ಅಲ್ಲಮ್ಮ ಅದು," ಎಂದರು ನಗುತ್ತಾ. ಮಗಳು ಹೋದ ಮೇಲೆ ಅವರು ನಕ್ಕದ್ದನ್ನು ನೋಡಿದ್ದು ಅದೇ ಮೊದಲು. "ಊರ್ಕೆ. ಊರ್ಕೆ ಅಂದ್ರೆ ಸುಮ್ನೆ. ನಮ್ ಕಡೆ ಮಾತು. ಚಿಕ್ ವಯಸ್ಸಿಂದ ಅವಳಿಗೆ ಬಾಯ್‌ಪಾಠ ಅದು. ಯಾಕ್ ಲೇಟು ಅಂದ್ರೆ ಊರ್ಕೆ. ಯಾಕ್ ನಗ್ತೀಯಾ ಅಂದ್ರೆ ಊರ್ಕೆ. ಏನ್ ಕೇಳಿದ್ರೂ ಅದೇ ಅನ್ನೋಳು."

ಹಂಗಾರ ನಾನೂ ಸುಮ್ನ ಬಂದೆ ಅನ್ಕೊಳ್ರಿ ಎಂದು ನಗಲು ಹೊರಟ ಆಕೆ ಅರ್ಧಕ್ಕೆ ನಿಂತರು.

ಅನ್ನೋಳು. ಅಂತಾಳೆ ಅಲ್ಲ. ಆ ಒಂದು ಮಾತು ಮೂವರ ಮಧ್ಯೆ ಉಳಿದುಕೊಂಡಿತು. ಆಕೆ ಲೋಟವನ್ನು ಮೆಲ್ಲಗೆ ಕೆಳಗಿಟ್ಟರು. ಮುಚ್ಚಿದ ಬಾಗಿಲು ನೋಡಿದರು, ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಿದೆ. ಅವಳ ಅಮ್ಮ ಕೈಯಲ್ಲಿದ್ದ ಮಂಡಕ್ಕಿಯನ್ನು ಒಂದೊಂದೇ ಚೀಲಕ್ಕೆ ವಾಪಸು ಹಾಕುತ್ತಿದ್ದರು. ತಮ್ಮ ಬಾಯಿಂದ ಬಂದದ್ದನ್ನು ಅವರೂ ಕೇಳಿಸಿಕೊಂಡಿದ್ದರು.

"ಹೋಗ್ಬಿಟ್ಲಮ್ಮ," ಎಂದರು ಕೊನೆಗೆ. "ಜ್ವರ ಬಂತು. ಹೋಗ್ಬಿಟ್ಲು."

ಆಕೆ ಹತ್ತಿರ ಸರಿದು ಅವಳ ಅಮ್ಮನ ಎರಡೂ ಕೈ ಹಿಡಿದುಕೊಂಡರು. ಅವಳ ಅಮ್ಮ ಗಟ್ಟಿಯಾಗಿ ಅತ್ತರು. ಹುಳದ ಮನೆಯಿಂದ ಅವಳ ಅಪ್ಪ ಓಡಿಬಂದವರು ಬಾಗಿಲಲ್ಲೇ ನಿಂತು, ಹೆಗಲ ಮೇಲಿನ ಟವೆಲಿಗೆ ಮುಖ ಮುಚ್ಚಿಕೊಂಡರು. ನಾನೂ ಅತ್ತೆ. ಅವಳು ಸತ್ತದ್ದಕ್ಕೆ ನಾನು ಅತ್ತದ್ದು ಅಂದು, ಗುರುತು ಪರಿಚಯವಿಲ್ಲದ ಒಬ್ಬರ ಮುಂದೆ.

ಆ ರಾತ್ರಿ ಆಕೆ ಅಲ್ಲೇ ಉಳಿದರು. ಬೆಳಗ್ಗೆ ಎದ್ದು ಅವಳ ಅಮ್ಮನ ಜೊತೆ ಸೊಪ್ಪು ಬಿಡಿಸಿ, ಮುದ್ದೆ ತಿನ್ನಲು ಒದ್ದಾಡಿ ಎಲ್ಲರನ್ನೂ ನಗಿಸಿ, ಮಧ್ಯಾಹ್ನದ ಬಸ್ಸಿಗೆ ಹೊರಟರು ಎಂದು ಭಾಯಿ ಹೇಳಿದರು.

ಮುಂದಿನ ಭಾನುವಾರ ನಾನು ಹೋದಾಗ ಅವಳ ಅಮ್ಮ ಹುಳದ ಮನೆಯಲ್ಲಿದ್ದರು. ಕಂಬದ ಹತ್ತಿರ ಫೋನು ಇರಲಿಲ್ಲ.

"ತಲ್ಲಿ, ಜನಕ್ಕೆ ಹೇಳ್ಬಿಡು," ಎಂದರು. "ಇಲ್ಲಾಂದ್ರೆ ಇನ್ನೊಬ್ರು ಬರ್ತಾರೆ. ನಾನು ಮತ್ತೆ ಕಾಲೇಜಿಗೆ ಹೋಗವ್ಳೆ ಅಂತೀನಿ. ನಂಗೆ ನನ್ ಮೇಲೆ ನಂಬ್ಕೆ ಇಲ್ಲ."

ಅಲ್ಲೇ ಕೂತು ಬರೆದೆ. ನನ್ನದೇ ಮಾತಿನಲ್ಲಿ, ನಾನು ಯಾರೆಂದೂ ಸೇರಿಸಿ ಬರೆದೆ. ಹಾಕುವ ಮೊದಲು ಅವರಿಗೆ ಓದಿ ಹೇಳಿದೆ. ಅವರು ಹುಳಗಳ ಕಡೆ ನೋಡುತ್ತಾ ಕೇಳಿದರು, ಸರಿ ಎಂದರು. ಹಾಕಿದ ಕೂಡಲೇ ಉತ್ತರಗಳು ಬರತೊಡಗಿದವು. ಎಷ್ಟು ಬಂದವೆಂದರೆ ಫೋನು ಬಿಸಿಯಾಯಿತು. ಮೇಡಂ ಹೇಳಿಕೊಟ್ಟ ಯಾವ ಉಪಾಯಕ್ಕೂ ಅಷ್ಟು ಜನ ವಾಪಸು ಮಾತಾಡಿರಲಿಲ್ಲ. ಫೋನನ್ನು ಮುಚ್ಚಿ ಪಕ್ಕಕ್ಕಿಟ್ಟೆ.

ಅವಳ ಅಮ್ಮ ಒಂದು ತಟ್ಟೆಗೆ ಸೊಪ್ಪು ಹರಡಿ, ಇನ್ನೊಂದಕ್ಕೆ ಹೋದರು. ನನ್ನ ಕಡೆ ಬೆನ್ನು ಮಾಡಿಯೇ ಕೇಳಿದರು.

"ಇನ್ನೂ ಉಳ್ಕೊಂಡವೆಯಾ?"

ಮುಗೀತು ಅನ್ನಲು ಬಾಯಿ ಬರಲಿಲ್ಲ.

"ಒಂದೈತಮ್ಮ. ಇವತ್ತು ಹಾಕ್ಲಾ?"

"ಬೇಡ."

"ನಿಮ್ಗೊಬ್ರಿಗೇ ಕಳಿಸ್ತೀನಿ."

"ಅದೂ ಬೇಡ." ಅವರ ಕೈ ಸೊಪ್ಪಿನ ಮೇಲೆ ನಿಂತಿತು. "ನಿನ್ ಹತ್ರಾನೇ ಇರ್ಲಿ. ಅದನ್ನೂ ನೋಡ್ಬಿಟ್ರೆ, ಆಮೇಲೆ ಅವಳು ನಂಗೆ ಹೊಸ್ದಾಗಿ ಏನೂ ಹೇಳಲ್ಲ."

ಆ ವ್ಯವಸ್ಥೆ ಇವತ್ತಿಗೂ ಹಾಗೇ ನಡೆದಿದೆ. ನಾನು ಫೋನು ಬದಲಿಸಿದರೆ ಅದನ್ನು ಮೊದಲು ಹೊಸ ಫೋನಿಗೆ ಹಾಕಿಕೊಂಡು, ಅವರಿಗೆ ಹೋಗಿ ಹೇಳಿ ಬರುತ್ತೇನೆ. ಜೋಪಾನ ತಲ್ಲಿ ಎನ್ನುತ್ತಾರೆ. ಯಾವತ್ತಾದರೂ ತೋರಿಸು ಎಂದಾರೇನೋ ಎಂದು ನನ್ನ ಜೀವ ಹೊಡೆದುಕೊಳ್ಳುತ್ತದೆ. ಏಕೆಂದರೆ ಅದು ಪೇಜಿಗೆ ಹಾಕಲಾಗದೆ ಬಿಟ್ಟಿದ್ದ ಒಂದು ತುಂಡು, ಅದರಲ್ಲಿ ಏನಿದೆ ಎಂದು ನನಗೆ ಗೊತ್ತು. ಹುಳದ ಮನೆಯ ಬಾಗಿಲಿನಿಂದ ಅವಳು ಹೊರಗೆ ಬರುತ್ತಾಳೆ, ಕ್ಯಾಮೆರಾ ನೋಡಿ ಏನೋ ಹೇಳಲು ಬಾಯಿ ತೆರೆಯುತ್ತಾಳೆ, ಅಷ್ಟರಲ್ಲಿ ನಾನು ನಿಲ್ಲಿಸಿಬಿಟ್ಟಿದ್ದೇನೆ. ಅದರಲ್ಲಿ ಅವಳ ಮಾತೇ ಇಲ್ಲ.